ಡೀಬಗ್ಗೋ ರಿಲೀಸೋ ಅನ್ನುವ ಮುಂಚೆ: ಬಿಲ್ಡ್ ಫ್ಲ್ಯಾಗ್, ಡೀಬಗ್ ಮ್ಯಾಕ್ರೊ ಆರಿಸಿಕೊಳ್ಳುವ ಬಗೆ

ಹಳೆಯ ಕೆಲಸವೊಂದರಲ್ಲಿ ನಾವು ಮೂವರು ಸೇರಿ ಎರಡು ವಾರ ಒಂದು ಹ್ಯಾಶ್ ಟೇಬಲ್ ತಿದ್ದುತ್ತ ಕೂತಿದ್ದೆವು. ಲಾಗ್ ಫೈಲ್ ಓದಿ ಲೆಕ್ಕ ಹಾಕುವ ಸಿ++ ಪ್ರೋಗ್ರಾಂ ಅದು. ಪಕ್ಕದ ಟೀಮಿನವರು ಜಾವಾದಲ್ಲಿ ಬರೆದದ್ದಕ್ಕಿಂತ ನಿಧಾನವಾಗಿ ಓಡುತ್ತಿತ್ತು; ಮಾನ ಹೋಗುವ ಮಾತು. ಕೀ ಹೋಲಿಸುವ ಫಂಕ್ಷನ್ ಬದಲಿಸಿದೆವು, ಮೆಮೊರಿ ಪೂಲ್ ಕಟ್ಟಿದೆವು, ಸ್ಟ್ರಿಂಗ್ ನಕಲು ಕಡಿಮೆ ಮಾಡಿದೆವು. ಕೊನೆಗೆ ಹೊಸದಾಗಿ ಸೇರಿದ್ದ ಹುಡುಗಿ ಬಿಲ್ಡ್‌ನ ಪೂರ್ತಿ ಔಟ್‌ಪುಟ್ ತೆಗೆದು ನೋಡಿ, "ಸರ್, ಇದರಲ್ಲಿ ಆಪ್ಟಿಮೈಸೇಶನ್ ಫ್ಲ್ಯಾಗೇ ಇಲ್ವಲ್ಲ" ಅಂದಳು. ಇರಲಿಲ್ಲ. ಬಿಲ್ಡ್ ಕಮ್ಯಾಂಡ್‌ಗಳನ್ನು ಬರೆದುಕೊಡುವ ಸಿಮೇಕ್ ಎಂಬ ಟೂಲಿಗೆ ಬಿಲ್ಡ್ ಟೈಪ್ ಯಾವುದೆಂದು ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಅದು ಡೀಬಗ್ಗನ್ನೂ ಆರಿಸುವುದಿಲ್ಲ, ರಿಲೀಸನ್ನೂ ಆರಿಸುವುದಿಲ್ಲ, ಜಾಗ ಖಾಲಿ ಬಿಡುತ್ತದೆ. ಒಂದು ಪದ ಸೇರಿಸಿದ್ದಕ್ಕೆ ಸಿಕ್ಕ ವೇಗ ನಮ್ಮ ಎರಡು ವಾರದ ದುಡಿಮೆಗೆ ಸಿಕ್ಕಿರಲಿಲ್ಲ.

ಅಂದಿನಿಂದ ಹೊಸ ಪ್ರಾಜೆಕ್ಟ್ ಕೈಗೆ ಬಂದರೆ ಮೊದಲು ನಾನು ಕೋಡ್ ತೆರೆಯುವುದಿಲ್ಲ, ಬಿಲ್ಡ್ ಕಮ್ಯಾಂಡ್ ನೋಡುತ್ತೇನೆ. ಸಿ ಅಥವಾ ಸಿ++ ಬರೆಯುವವರು ಜಿಸಿಸಿ, ಕ್ಲ್ಯಾಂಗ್ ಕಂಪೈಲರ್ ಬಳಸುವಾಗ ಯಾವ ಫ್ಲ್ಯಾಗ್ (ಕಂಪೈಲರಿಗೆ ಕೊಡುವ ಆಯ್ಕೆ) ಎಲ್ಲಿ ಹಾಕಬೇಕು, ಡೀಬಗ್ ಮ್ಯಾಕ್ರೊ ಹೇಗೆ ಕಟ್ಟಬೇಕು ಎಂಬುದನ್ನು ಅದರಲ್ಲಿ ಕಲಿತಷ್ಟು ಇಲ್ಲಿ ಹೋಲಿಸಿ ನೋಡುತ್ತೇನೆ. ಫ್ಲ್ಯಾಗ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ: -ಓ2 ಅಂದರೆ ಮೈನಸ್, ದೊಡ್ಡಕ್ಷರದ ಓ, ಎರಡು. ಮ್ಯಾಕ್ರೊ ಘೋಷಿಸುವ -ಡಿ ಕೂಡ ದೊಡ್ಡಕ್ಷರ, -ಜಿ ಚಿಕ್ಕದು.

ಒಂದು ಸ್ವಿಚ್ಚಿಗೆ ಮೂರು ವೈರು

ಡೀಬಗ್ ಬಿಲ್ಡ್, ರಿಲೀಸ್ ಬಿಲ್ಡ್ ಎಂದು ನಾವು ಹೇಳುವಾಗ ಮೂರು ಬೇರೆ ಬೇರೆ ತೀರ್ಮಾನಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಕಂಪೈಲರ್ ಕೋಡನ್ನು ಎಷ್ಟು ಉಜ್ಜಬೇಕು ಅನ್ನುವುದು ಒಂದು, ಅದು -ಓ. ಡೀಬಗರಿಗೆ ಬೇಕಾದ ಸಾಲು ಸಂಖ್ಯೆ, ವೇರಿಯಬಲ್ ಹೆಸರು ಬೈನರಿಯಲ್ಲಿ ಇರಬೇಕೇ ಅನ್ನುವುದು ಇನ್ನೊಂದು, ಅದು -ಜಿ. ಅಸರ್ಟ್ ಪರೀಕ್ಷೆಗಳು, ಅಂದರೆ ಶರತ್ತು ಸುಳ್ಳಾದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಸಾಲುಗಳು, ಓಡಬೇಕೇ ಬೇಡವೇ ಅನ್ನುವುದು ಮೂರನೆಯದು. ಅದನ್ನು ಎನ್‌ಡೀಬಗ್ ಎಂಬ ಮ್ಯಾಕ್ರೊ ನಿರ್ಧರಿಸುತ್ತದೆ. ಈ ಮ್ಯಾಕ್ರೊ ಇದ್ದರೆ ಅಸರ್ಟ್ ಇಲ್ಲ, ಇಲ್ಲದಿದ್ದರೆ ಅಸರ್ಟ್ ಇದೆ. ಹೆಸರಲ್ಲೇ 'ಇಲ್ಲ' ಇರುವುದರಿಂದ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ, ಹಳಬರಿಗೂ ಕೆಲವು ಸಲ.

ಫ್ಯಾನು, ಲೈಟು, ಗೀಸರು ಮೂರನ್ನೂ ಒಂದೇ ಸ್ವಿಚ್ಚಿಗೆ ಕಟ್ಟಿದ ಮನೆಯಂತೆ, ಬಿಲ್ಡ್ ಟೂಲ್‌ಗಳು ಈ ಮೂರನ್ನೂ ಒಂದು ಹೆಸರಿಗೆ ಕಟ್ಟಿವೆ. ಜಿಸಿಸಿ, ಕ್ಲ್ಯಾಂಗ್ ಜೊತೆ ಸಿಮೇಕ್ ತಾನಾಗಿ ಕೊಡುವುದು ಇಷ್ಟು:

| ಬಿಲ್ಡ್ ಟೈಪ್ | ಆಪ್ಟಿಮೈಸೇಶನ್ | ಡೀಬಗ್ ಮಾಹಿತಿ | ಅಸರ್ಟ್ |
|---|---|---|---|
| ಖಾಲಿ | ಇಲ್ಲ | ಇಲ್ಲ | ಇದೆ |
| ಡೀಬಗ್ | ಇಲ್ಲ | -ಜಿ | ಇದೆ |
| ರಿಲೀಸ್ | -ಓ3 | ಇಲ್ಲ | ಇಲ್ಲ |
| ರೆಲ್‌ವಿತ್‌ಡೆಬ್‌ಇನ್ಫೊ | -ಓ2 | -ಜಿ | ಇಲ್ಲ |
| ಮಿನ್‌ಸೈಜ್‌ರೆಲ್ | -ಓಎಸ್ | ಇಲ್ಲ | ಇಲ್ಲ |

ನನಗೆ ದಿನಾ ಬೇಕಾಗುವ ಸಾಲು ಈ ಪಟ್ಟಿಯಲ್ಲಿ ಇಲ್ಲ: -ಓ2 ಇರಬೇಕು, -ಜಿ ಇರಬೇಕು, ಅಸರ್ಟ್ ಕೂಡ ಇರಬೇಕು. ತಮಾಷೆಯೆಂದರೆ, ಎಲ್ಲರೂ ಹಳತೆಂದು ಮೂಗು ಮುರಿಯುವ ಬಿಲ್ಡ್ ಟೂಲ್ ಆಟೋಕಾನ್ಫ್ ಇದನ್ನೇ ಕೊಡುತ್ತದೆ. ಜಿಸಿಸಿ ಇರುವ ಕಡೆ ಏನನ್ನೂ ಹೇಳದೆ ಕಾನ್ಫಿಗರ್ ಓಡಿಸಿದರೆ -ಜಿ -ಓ2, ಎನ್‌ಡೀಬಗ್ ಇಲ್ಲ. ಮೆಸನ್ ಎಂಬ ಇನ್ನೊಂದು ಬಿಲ್ಡ್ ಟೂಲಿನಲ್ಲಿ 'ಡೀಬಗ್‌ಆಪ್ಟಿಮೈಸ್ಡ್' ಆರಿಸಿದರೂ ಇದೇ ಸಿಗುತ್ತದೆ. ಇನ್ನೂ ಒಂದು ವಿಷಯ: ಮೆಸನ್‌ನಲ್ಲಿ ಎನ್‌ಡೀಬಗ್‌ಗೆ ಬೇರೆಯದೇ ಆಯ್ಕೆ ಇದೆ, ಅದು ಮೊದಲಿಗೆ ಆಫ್. ಹಾಗಾಗಿ ರಿಲೀಸ್ ಎಂದು ಹೇಳಿದ ಮಾತ್ರಕ್ಕೆ ಅಲ್ಲಿ ಅಸರ್ಟ್ ಹೋಗುವುದಿಲ್ಲ. ಸಿಮೇಕ್‌ನಿಂದ ಮೆಸನ್‌ಗೆ ಹೋದ ಪ್ರಾಜೆಕ್ಟು ಇದ್ದಕ್ಕಿದ್ದಂತೆ ನಿಧಾನವಾಯಿತು ಎಂದು ಯಾರಾದರೂ ಗೊಣಗಿದರೆ ನಾನು ಮೊದಲು ಕೇಳುವುದು ಇದನ್ನೇ.

-ಓ0, -ಓಜಿ, -ಓ2: ಯಾವುದರಲ್ಲಿ ದಿನ ಕಳೆಯಬೇಕು

-ಓ0ದಲ್ಲಿ ಕಂಪೈಲರ್ ನೀವು ಬರೆದದ್ದನ್ನು ಬರೆದ ಹಾಗೇ ಮೆಶಿನ್ ಕೋಡ್ ಮಾಡುತ್ತದೆ. ಒಂದೊಂದು ವೇರಿಯಬಲ್ಲಿಗೂ ಸ್ಟ್ಯಾಕಿನಲ್ಲಿ ಜಾಗ. ಜಿಡಿಬಿ ಡೀಬಗರಿನಲ್ಲಿ ಸಾಲು ಸಾಲಾಗಿ ನಡೆಯಬಹುದು, ಯಾವುದರ ಬೆಲೆ ಕೇಳಿದರೂ ಹೇಳುತ್ತದೆ. ಹೊಸ ಕೋಡಿನ ಒಳಗೆ ಏನಾಗುತ್ತಿದೆ ಎಂದು ಹೆಜ್ಜೆ ಹೆಜ್ಜೆಗೆ ನೋಡಬೇಕಾದಾಗ ಇದರಷ್ಟು ಆರಾಮ ಬೇರೆ ಇಲ್ಲ.

ಆದರೆ ಇಡೀ ದಿನ ಇದರಲ್ಲೇ ಇರುವವರು ಏನನ್ನು ಕಳೆದುಕೊಳ್ಳುತ್ತಾರೆ ನೋಡಿ. ಬೆಲೆ ಕೊಡದ ವೇರಿಯಬಲ್ ಬಳಸಿದ್ದೀರಿ ಎಂಬ ಜಿಸಿಸಿ ಎಚ್ಚರಿಕೆ ಡೇಟಾ ಹರಿವಿನ ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕ ಸರಿಯಾಗಿ ನಡೆಯುವುದು ಆಪ್ಟಿಮೈಸೇಶನ್ ಇದ್ದಾಗಲೇ. ಲಿನಕ್ಸಿನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ ಫೋರ್ಟಿಫೈ ಸೋರ್ಸ್ ಮ್ಯಾಕ್ರೊ, ಅಂದರೆ ಸ್ಟ್ರಿಂಗ್ ನಕಲು ಮಾಡುವಾಗ ಬಫರ್ ಮೀರುತ್ತಿದೆಯೇ ಎಂದು ನೋಡುವ ಕಾವಲು, -ಓ0ದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಡೀಬಗ್ ಬಿಲ್ಡ್ ಹೆಚ್ಚು ಎಚ್ಚರಿಕೆಯದು ಅಂದುಕೊಂಡಿರುತ್ತೇವೆ, ಈ ಎರಡು ವಿಷಯದಲ್ಲಂತೂ ಅದು ಹೆಚ್ಚು ಕುರುಡು.

ಇನ್ನು ದೋಷವೇ ಅಡಗಿಕೊಳ್ಳುವ ಕಥೆ. ಮೈಕ್ರೋಕಂಟ್ರೋಲರ್ ಮೇಲೆ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಇಂಟರಪ್ಟ್ ಫಂಕ್ಷನ್ ಒಂದು ಗುರುತಿನ ವೇರಿಯಬಲ್ಲನ್ನು 1 ಮಾಡುತ್ತದೆ, ಮೇನ್ ಲೂಪ್ ಅದು 1 ಆಗುವವರೆಗೆ ಕಾಯುತ್ತದೆ. ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಹೇಳುವ ವೋಲಟೈಲ್ ಪದ ಬರೆಯುವುದು ಮರೆತಿದೆ. -ಓ0ದಲ್ಲಿ ಪ್ರತಿ ಸುತ್ತಿಗೂ ಮೆಮೊರಿಯಿಂದ ಓದುವುದರಿಂದ ಬೋರ್ಡು ಸಲೀಸಾಗಿ ನಡೆಯುತ್ತದೆ. -ಓ2ಗೆ ಹೋದ ಕೂಡಲೇ ಕಂಪೈಲರ್ "ಈ ಲೂಪಿನೊಳಗೆ ಇದನ್ನು ಯಾರೂ ಬದಲಿಸುತ್ತಿಲ್ಲ" ಎಂದು ಒಂದೇ ಸಲ ಓದಿ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳುತ್ತದೆ, ಬೋರ್ಡು ಅಲ್ಲೇ ನಿಲ್ಲುತ್ತದೆ. ಖಾಲಿ ಫಾರ್ ಲೂಪಿನಿಂದ ಡಿಲೇ ಬರೆದಿದ್ದರೆ ಆ ಡಿಲೇ ಪೂರ್ತಿ ಮಾಯವಾಗಬಹುದು. ಆಗ ನಾವು ಬೈಯುವುದು ಕಂಪೈಲರನ್ನು. ತಪ್ಪು ಮಾತ್ರ ಮೊದಲ ದಿನದಿಂದ ನಮ್ಮ ಕೋಡಿನಲ್ಲೇ ಇತ್ತು.

ದೊಡ್ಡವರಿಗೂ ಹೀಗಾಗಿದೆ. 2009ರಲ್ಲಿ ಲಿನಕ್ಸ್ ಕರ್ನಲ್ಲಿನ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ ಅದು ನಲ್ ಆಗಿದೆಯೇ ಎಂದು ನೋಡುವ ಕೋಡ್ ಇತ್ತು. "ಬಳಸಿದ್ದಾರೆ ಅಂದಮೇಲೆ ನಲ್ ಆಗಿರಲು ಸಾಧ್ಯವಿಲ್ಲ" ಎಂದು ಜಿಸಿಸಿ ಆ ಪರೀಕ್ಷೆಯನ್ನೇ ಕಿತ್ತುಹಾಕಿತು. ಭದ್ರತೆಯ ದೊಡ್ಡ ತೂತು ತೆರೆಯಿತು. ಆಮೇಲೆ ಕರ್ನಲ್ಲಿನವರು ನಲ್ ಪರೀಕ್ಷೆ ಅಳಿಸಬೇಡ ಎಂದು ಹೇಳುವ ಫ್ಲ್ಯಾಗನ್ನು ತಮ್ಮ ಬಿಲ್ಡಿಗೇ ಸೇರಿಸಿಕೊಂಡರು.

-ಓಜಿ ಬಂದದ್ದು ಜಿಸಿಸಿ 4.8ರಲ್ಲಿ, 2013ರಲ್ಲಿ. ಡೀಬಗ್ ಮಾಡಲು ತೊಡಕಾಗದಷ್ಟೇ ಆಪ್ಟಿಮೈಸ್ ಮಾಡುವುದು ಅದರ ಉದ್ದೇಶ. ಬರೆಯುವುದು, ಕಂಪೈಲ್ ಮಾಡುವುದು, ಡೀಬಗ್ ಮಾಡುವುದು ಎಂಬ ದಿನದ ಸುತ್ತಿಗೆ ಇದನ್ನೇ ಆರಿಸಿಕೊಳ್ಳಿ ಎಂದು ಜಿಸಿಸಿ ಕೈಪಿಡಿಯೂ ಹೇಳುತ್ತದೆ. ನನ್ನ ಅನುಭವದಲ್ಲಿ ಅದು ಅರ್ಧ ಸತ್ಯ. ಬೇಕಾದ ವೇರಿಯಬಲ್ಲೇ 'ಆಪ್ಟಿಮೈಸ್ಡ್ ಔಟ್' ಎಂದು ಬಂದು ಸಿಟ್ಟು ಬರಿಸಿದ್ದುಂಟು. ಹಾಗಿದ್ದರೂ -ಓ0 ಬಿಲ್ಡ್ ಫ್ಲ್ಯಾಶಿನಲ್ಲಿ ಹಿಡಿಸದಿದ್ದಾಗ, ಅಥವಾ ಆಟದ ಪ್ರೋಗ್ರಾಂ ಸೆಕೆಂಡಿಗೆ ನಾಲ್ಕು ಫ್ರೇಮ್ ತೋರಿಸುತ್ತ ತೆವಳುವಾಗ -ಓಜಿ ಕೈಹಿಡಿಯುತ್ತದೆ.

ಹಾಗಾದರೆ -ಓ3? ಅಳೆದು ನೋಡದೆ ಬೇಡ. -ಓ2ಕ್ಕಿಂತ ಕೋಡ್ ದಪ್ಪವಾಗುತ್ತದೆ, ಕೆಲವು ಪ್ರೋಗ್ರಾಂ ಓಡುತ್ತವೆ, ಕೆಲವು ಇದ್ದಲ್ಲೇ ಇರುತ್ತವೆ. ಜಿಸಿಸಿ 12ರಿಂದ ಲೂಪ್ ವೆಕ್ಟರ್ ಮಾಡುವ ಕೆಲಸ ಸ್ವಲ್ಪಮಟ್ಟಿಗೆ -ಓ2ರಲ್ಲೇ ನಡೆಯುವುದರಿಂದ ಮೊದಲಿದ್ದಷ್ಟು ಅಂತರವೂ ಉಳಿದಿಲ್ಲ. ಆರ್ಡುಯಿನೊ ಉನೊ ತರಹದ ಬೋರ್ಡಿನಲ್ಲಿ, 32 ಕೆಬಿ ಫ್ಲ್ಯಾಶು 2 ಕೆಬಿ ರ‍್ಯಾಮಿನ ಸಂಸಾರದಲ್ಲಿ, ಕೋಡಿನ ಗಾತ್ರ ಕಿರಿದು ಮಾಡುವ -ಓಎಸ್ ಬಿಟ್ಟು ಬೇರೆ ಮಾತೇ ಇಲ್ಲ. ಅದರ ಐಡಿಇ ಕೂಡ ತಾನಾಗಿ ಅದನ್ನೇ ಹಾಕುತ್ತದೆ. ಕಟ್ಟುವ ಮೆಶಿನ್ನಿನ ಪ್ರೊಸೆಸರಿಗೇ ತಕ್ಕಂತೆ ಕೋಡ್ ಮಾಡುವ ಮಾರ್ಚ್ ನೇಟಿವ್ ಫ್ಲ್ಯಾಗು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುವ ಕೋಡಿಗೆ ಸರಿ. ಹೊಸ ಪ್ರೊಸೆಸರಿನಲ್ಲಿ ಕಟ್ಟಿ ಹಳೆಯ ಸರ್ವರಿಗೆ ಒಯ್ದರೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಮಕಾಡೆ ಬೀಳುತ್ತದೆ.

-ಜಿ: ಇದಕ್ಕೆ ಚೌಕಾಸಿ ಬೇಡ

ರಿಲೀಸ್ ಬಿಲ್ಡಿನಲ್ಲಿ -ಜಿ ಹಾಕಿದರೆ ಪ್ರೋಗ್ರಾಂ ನಿಧಾನವಾಗುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಆಗುವುದಿಲ್ಲ. ಡ್ವಾರ್ಫ್ ಎಂಬ ರೂಪದ ಡೀಬಗ್ ಮಾಹಿತಿ ಬೈನರಿಯ ಬೇರೆ ವಿಭಾಗಗಳಲ್ಲಿ ಕೂರುತ್ತದೆ. ಓಡುವಾಗ ಅದು ಮೆಮೊರಿಗೆ ಲೋಡ್ ಆಗುವುದೂ ಇಲ್ಲ. ದಪ್ಪವಾಗುವುದು ಫೈಲು, ಹೆಚ್ಚುವುದು ಲಿಂಕ್ ಮಾಡುವ ಸಮಯ. ಅದು ಬೇಡವೆಂದರೆ ಡೀಬಗ್ ಮಾಹಿತಿಯನ್ನು ಆಬ್ಜ್‌ಕಾಪಿಯಿಂದ ಬೇರೆ ಫೈಲಿಗೆ ತೆಗೆದಿಟ್ಟು, ಗ್ರಾಹಕರಿಗೆ ಸ್ಟ್ರಿಪ್ ಮಾಡಿದ ಬೈನರಿ ಕೊಡಿ. ಡೆಬಿಯನ್ ತನ್ನ ಪ್ಯಾಕೇಜ್‌ಗಳನ್ನು -ಜಿ -ಓ2 ಹಾಕಿಯೇ ಕಟ್ಟಿ, ಆಮೇಲೆ ಆ ಮಾಹಿತಿಯನ್ನು ಬೇರೆ ಡೀಬಗ್ ಪ್ಯಾಕೇಜಿಗೆ ಹಾಕುತ್ತದೆ. ಕ್ರ್ಯಾಶ್ ಆದ ದಿನ ರಾತ್ರಿ ಹತ್ತಕ್ಕೆ ಸತ್ತ ಪ್ರೋಗ್ರಾಮಿನ ಮೆಮೊರಿ ಚಿತ್ರವಾದ ಕೋರ್ ಫೈಲ್ ಕೈಗೆ ಬಂದು ಅದರಲ್ಲಿ ಬರೀ ಹೆಕ್ಸ್ ಅಂಕಿಗಳೇ ಕಂಡವರು ಮುಂದೆಂದೂ -ಜಿ ಬಿಡುವುದಿಲ್ಲ.

-ಜಿ3 ಹಾಕಿದರೆ ಮ್ಯಾಕ್ರೊಗಳ ಅರ್ಥವೂ ಡೀಬಗರಿಗೆ ಸಿಗುತ್ತದೆ. ಮ್ಯಾಕ್ರೊ ಕಾಡೇ ಬೆಳೆದಿರುವ ಕೋಡಿಗೆ ಮಾತ್ರ ಬೇಕಾದೀತು.

ಅಸರ್ಟ್: ಇಡುವುದೋ, ತೆಗೆಯುವುದೋ

ಈ ಪ್ರಶ್ನೆಗೆ ಹೆಸರಾಂತ ಪ್ರಾಜೆಕ್ಟುಗಳು ಒಂದೇ ಉತ್ತರ ಕೊಟ್ಟಿಲ್ಲ.

ಎಸ್‌ಕ್ಯೂಲೈಟ್ ಡೇಟಾಬೇಸಿನ ಕೋಡಿನ ತುಂಬ ಅಸರ್ಟ್‌ಗಳಿವೆ, ಪದೇ ಪದೇ ಓಡುವ 'ಬಿಸಿ' ಜಾಗಗಳಲ್ಲೂ ಇವೆ. ಅವನ್ನು ಆನ್ ಮಾಡಿದರೆ ಸುಮಾರು ಮೂರು ಪಟ್ಟು ನಿಧಾನ ಎಂದು ಅವರೇ ಬರೆದಿದ್ದಾರೆ. ಅದಕ್ಕೇ ಅವರು ಲೆಕ್ಕವನ್ನು ತಿರುವಿ ಹಾಕಿದ್ದಾರೆ: ಎಸ್‌ಕ್ಯೂಲೈಟ್ ಡೀಬಗ್ ಎಂಬ ತಮ್ಮದೇ ಮ್ಯಾಕ್ರೊ ಕೊಡದಿದ್ದರೆ ಕೋಡು ತಾನೇ ಎನ್‌ಡೀಬಗ್ ಹಾಕಿಕೊಳ್ಳುತ್ತದೆ. ಬಿಲ್ಡ್ ಫ್ಲ್ಯಾಗು ಮರೆತವರ ಕೈಗೂ ವೇಗದ ಡೇಟಾಬೇಸೇ ಸಿಗುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಎರಡು ಬೇರೆ ಆಯ್ಕೆ ಇಟ್ಟಿದ್ದಾರೆ. ಎನೇಬಲ್-ಡೀಬಗ್ ಅಂದರೆ -ಜಿ ಅಷ್ಟೇ. ಎನೇಬಲ್-ಸಿಅಸರ್ಟ್ ಅಂದರೆ ಅಸರ್ಟ್ ಪರೀಕ್ಷೆಗಳು. ಅವು ಸರ್ವರನ್ನು ಗಣನೀಯವಾಗಿ ನಿಧಾನ ಮಾಡುತ್ತವೆ ಎಂಬ ಎಚ್ಚರಿಕೆ ಜೊತೆಗೇ ಇದೆ. ಸಿ ಪ್ರಾಜೆಕ್ಟಿಗೆ ಕಾನ್ಫಿಗರ್ ಆಯ್ಕೆಗಳನ್ನು ಹೇಗಿಡಬೇಕು ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಕ್ಲ್ಯಾಂಗ್ ನಿಂತಿರುವ ಕಂಪೈಲರ್ ಪ್ರಾಜೆಕ್ಟಾದ ಎಲ್‌ಎಲ್‌ವಿಎಂ ಕೂಡ ಅಸರ್ಟ್‌ಗೆ ಬಿಲ್ಡ್ ಟೈಪಿನಿಂದ ಬೇರೆಯಾದ ಆಯ್ಕೆ ಇಟ್ಟಿದೆ. ಕಾರಣ ಸುಲಭ: ಅದರ ಪೂರ್ತಿ ಡೀಬಗ್ ಬಿಲ್ಡ್ ಡಿಸ್ಕನ್ನೂ ರ‍್ಯಾಮನ್ನೂ ನುಂಗುತ್ತದೆ, ಲಿಂಕ್ ಆಗುವುದರೊಳಗೆ ಕಾಫಿ ಕುಡಿದು ಬರಬಹುದು. ಹಾಗಾಗಿ ಅದರ ಮೇಲೆ ಕೆಲಸ ಮಾಡುವ ಬಹಳ ಜನ ರಿಲೀಸ್ ಜೊತೆಗೆ ಅಸರ್ಟ್ ಎಂಬ ಜೋಡಿಯನ್ನೇ ಆರಿಸುತ್ತಾರೆ. ನಮ್ಮ ಪಟ್ಟಿಯಲ್ಲಿ ಇಲ್ಲದ ಸಾಲಿನ ಹತ್ತಿರದ ಸಂಬಂಧಿ ಅದು.

ನನ್ನ ಲೆಕ್ಕ ಹೀಗಿದೆ. ಬೆಲೆ ಅಳೆಯಿರಿ. ಅಸರ್ಟ್ ಇಟ್ಟಾಗ, ತೆಗೆದಾಗ ಎರಡರಲ್ಲೂ ಓಡಿಸಿ ನೋಡಿ. ಸಾಮಾನ್ಯ ಸರ್ವರ್ ಪ್ರೋಗ್ರಾಮಿನಲ್ಲಿ ಅಂತರ ನೂರಕ್ಕೆ ಒಂದೆರಡು ಬಂದರೆ ಅಸರ್ಟ್ ಇಟ್ಟೇ ಕಳಿಸಿ. ತಪ್ಪು ಡೇಟಾವನ್ನು ಡಿಸ್ಕಿಗೆ ಬರೆಯುವುದಕ್ಕಿಂತ ಅಲ್ಲೇ ಸಾಯುವುದು ವಾಸಿ. ಸಾಯಲೇಬಾರದ ಜಾಗ, ಉದಾಹರಣೆಗೆ ಮೋಟರ್ ತಿರುಗಿಸುವ ಕಂಟ್ರೋಲರ್, ಆದರೆ ಅಸರ್ಟ್ ಇರಲೂಬಾರದು, ಸುಮ್ಮನೆ ಅಳಿಸಲೂಬಾರದು. ಸುರಕ್ಷಿತ ಸ್ಥಿತಿಗೆ ಒಯ್ಯುವ ನಿಮ್ಮದೇ ಪರೀಕ್ಷೆಯನ್ನು ಬರೆಯಬೇಕು.

ಎನ್‌ಡೀಬಗ್ ಹಾಕುವವರು ಎರಡು ಹಳ್ಳ ನೋಡಿಕೊಳ್ಳಿ. ಒಂದನ್ನು ಎಲ್ಲರೂ ಹೇಳುತ್ತಾರೆ: ಅಸರ್ಟಿನ ಆವರಣದೊಳಗೆ ಕೆಲಸ ಮಾಡುವ ಫಂಕ್ಷನ್ ಕರೆದಿದ್ದರೆ ಆ ಕೆಲಸವೂ ಹೋಗುತ್ತದೆ. ಇನ್ನೊಂದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಬರೀ ಅಸರ್ಟ್‌ಗಳಿಂದಲೇ ಟೆಸ್ಟ್ ಬರೆದ ಚಿಕ್ಕ ಪ್ರಾಜೆಕ್ಟುಗಳು ಬಹಳ ಇವೆ. ಅವನ್ನು ಸಿಮೇಕ್ ರಿಲೀಸ್‌ನಲ್ಲಿ ಕಟ್ಟಿದರೆ ಎಲ್ಲ ಟೆಸ್ಟೂ ಪಾಸ್! ಯಾವುದನ್ನೂ ಪರೀಕ್ಷಿಸದ ಟೆಸ್ಟು ಫೇಲ್ ಆಗುವುದಾದರೂ ಹೇಗೆ. ಟೆಸ್ಟ್ ಟಾರ್ಗೆಟ್‌ಗೆ ಮಾತ್ರ -ಯುಎನ್‌ಡೀಬಗ್ (ಎನ್‌ಡೀಬಗ್ ಹೆಸರನ್ನು ಅಳಿಸು) ಎಂದು ಕಂಪೈಲ್ ಆಪ್ಷನ್ ಸೇರಿಸಿ. ಸಿಮೇಕ್ ಅದನ್ನು ಬಿಲ್ಡ್ ಟೈಪಿನ ಫ್ಲ್ಯಾಗ್‌ಗಳ ನಂತರ ಇಡುವುದರಿಂದ ಮೊದಲು ಬಂದ -ಡಿ ರದ್ದಾಗುತ್ತದೆ.

ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೊ ಬಳಸುವವರಿಗೆ ಇನ್ನೊಂದು ತಲೆನೋವು: ಅಂಡರ್‌ಸ್ಕೋರ್ ಡೀಬಗ್. /ಎಂಡಿಡಿ ಅಥವಾ /ಎಂಟಿಡಿ, ಅಂದರೆ ಡೀಬಗ್ ರನ್‌ಟೈಮ್ ಆರಿಸಿದಾಗ ಕಂಪೈಲರೇ ಅದನ್ನು ಹಾಕುತ್ತದೆ. ಎನ್‌ಡೀಬಗ್‌ಗೂ ಅದಕ್ಕೂ ಸಂಬಂಧವಿಲ್ಲ, ಎರಡೂ ಇರಬಹುದು, ಎರಡೂ ಇಲ್ಲದಿರಬಹುದು. ಲಿನಕ್ಸ್‌ನಲ್ಲೂ ಓಡಬೇಕಾದ ಕೋಡು ಅದನ್ನು ನಂಬಬಾರದು.

ಸ್ವಂತ ಡೀಬಗ್ ಮ್ಯಾಕ್ರೊ

ಲಾಗ್ ಹೆಚ್ಚಿಸಲು, ಒಳಗಿನ ಲೆಕ್ಕ ತಾಳೆ ನೋಡಲು ಎಲ್ಲರೂ ಒಂದು ಮ್ಯಾಕ್ರೊ ಮಾಡಿಕೊಳ್ಳುತ್ತಾರೆ. ಹೆಸರು 'ಡೀಬಗ್' ಎಂದು ಇಡಬೇಡಿ. ಊರಿಗೆಲ್ಲ ಒಂದೇ ಹೆಸರಾದರೆ ಯಾರನ್ನು ಕರೆದರೂ ಎಲ್ಲರೂ ಓಗೊಡುತ್ತಾರೆ. ನೀವು ತಂದು ಸೇರಿಸಿದ ಬೇರೆಯವರ ಲೈಬ್ರರಿಯ ಹೆಡರೂ ಅದೇ ಹೆಸರನ್ನು ನೋಡುತ್ತಿರಬಹುದು. ಪ್ರಾಜೆಕ್ಟಿನ ಹೆಸರು ಮುಂದೆ ಇರಲಿ.

ಮ್ಯಾಕ್ರೊವನ್ನು ಕೇಳುವ ವಿಧಾನ ಮೂರು. ಮೊದಲನೆಯದು ಇಫ್‌ಡೆಫ್, ಅಂದರೆ ಈ ಹೆಸರು ಇದೆಯೇ ಇಲ್ಲವೇ. ಎಲ್ಲರೂ ಬರೆಯುವುದು ಇದೇ, ಎಲ್ಲರೂ ಬೀಳುವುದೂ ಇದರಲ್ಲೇ. ಆಫ್ ಮಾಡುತ್ತಿದ್ದೇನೆಂದು ನೀವು ಬೆಲೆ 0 ಕೊಟ್ಟು -ಡಿ ಹಾಕಿದರೆ, ಇಫ್‌ಡೆಫ್‌ಗೆ ಅದು ಆನ್! ಹೆಸರು ಇದೆಯಲ್ಲ, ಬೆಲೆ ಎಷ್ಟೆಂದು ಅದು ಕೇಳುವುದೇ ಇಲ್ಲ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕಂಪೈಲರ್ ಚಕಾರ ಎತ್ತುವುದಿಲ್ಲ.

ಎರಡನೆಯದು ಬರೀ ಇಫ್ ಪ್ರಿಪ್ರೊಸೆಸರ್ ಸಾಲು. ಇಲ್ಲಿ 0 ಅಂದರೆ 0, 1 ಅಂದರೆ 1. ಬೆಲೆ ಕೊಡದೆ ಬರೀ -ಡಿ ಹೆಸರು ಎಂದರೆ ಅದು 1 ಆಗುತ್ತದೆ. ಹೆಸರೇ ಇಲ್ಲದಿದ್ದರೆ 0 ಎಂದು ಹಿಡಿಯುತ್ತದೆ. ಆದರೆ -ಡಬ್ಲ್ಯೂಅಂಡೆಫ್ ಹಾಕಿದ್ದರೆ "ಈ ಹೆಸರನ್ನು ಯಾರೂ ಹೇಳಿಲ್ಲ" ಎಂದು ಎಚ್ಚರಿಸುತ್ತದೆ. ಈ ಒಂದು ಎಚ್ಚರಿಕೆಗಾಗಿಯೇ ನಾನು ಇಫ್‌ಡೆಫ್ ಬಿಟ್ಟು ಇದಕ್ಕೆ ಬಂದೆ.

ಮೂರನೆಯದು ಪ್ರಿಪ್ರೊಸೆಸರನ್ನೇ ಬಿಟ್ಟು ಸಾಮಾನ್ಯ ಸಿ ಇಫ್ ಬರೆಯುವುದು. ಬೆಲೆ 0 ಆಗಿದ್ದರೆ ಆಪ್ಟಿಮೈಸರ್ ಆ ತುಂಡನ್ನು ಎತ್ತಿಹಾಕುತ್ತದೆ, ಓಡುವಾಗ ಖರ್ಚಿಲ್ಲ. ಆದರೆ ಕಂಪೈಲರ್ ಪ್ರತಿ ಸಲವೂ ಅದನ್ನು ಓದುತ್ತದೆ. ಆರು ತಿಂಗಳು ಯಾರೂ ಆನ್ ಮಾಡದ ಇಫ್‌ಡೆಫ್ ತುಂಡಿನೊಳಗೆ ಹಳೆಯ ವೇರಿಯಬಲ್ ಹೆಸರುಗಳೇ ಉಳಿದು, ಬೇಕಾದ ದಿನ ಅದು ಕಂಪೈಲೇ ಆಗುವುದಿಲ್ಲ. ಇಲ್ಲಿ ಆ ತೊಂದರೆ ಇಲ್ಲ. ಲಿನಕ್ಸ್ ಕರ್ನಲ್ಲಿನ ಕೋಡ್ ಬರೆಯುವ ನಿಯಮಗಳೂ ಇದೇ ಕಾರಣಕ್ಕೆ ಸಾಧ್ಯವಿರುವ ಕಡೆಯೆಲ್ಲ ಇಸ್-ಎನೇಬಲ್ಡ್ ಮ್ಯಾಕ್ರೊವನ್ನು ಸಾಮಾನ್ಯ ಇಫ್ ಒಳಗೆ ಬಳಸಿ ಅನ್ನುತ್ತವೆ. ನನ್ನ ಮೊದಲ ಆಯ್ಕೆ ಇದು. ಸ್ಟ್ರಕ್ಟ್ ಒಳಗೆ ಫೀಲ್ಡ್ ಸೇರಿಸುವಂಥ ಕಡೆ ಇದು ನಡೆಯುವುದಿಲ್ಲ, ಅಲ್ಲಿ ಪ್ರಿಪ್ರೊಸೆಸರೇ ಬೇಕು.

ಸ್ಟ್ರಕ್ಟ್ ಮಾತು ಬಂತಲ್ಲ, ಇಡೀ ಬರಹದಲ್ಲಿ ತೀರ ಅಪಾಯದ ಜಾಗ ಅದೇ. ಹೆಡರ್‌ನಲ್ಲಿರುವ ಸ್ಟ್ರಕ್ಟಿಗೆ ಡೀಬಗ್ ಇದ್ದಾಗ ಮಾತ್ರ ಒಂದು ಎಣಿಕೆಯ ಫೀಲ್ಡ್ ಸೇರುತ್ತದೆ ಎಂದಿಟ್ಟುಕೊಳ್ಳಿ. ಲೈಬ್ರರಿಯನ್ನು ಮ್ಯಾಕ್ರೊ ಹಾಕಿ ಕಟ್ಟಿದ್ದಾರೆ, ಅದನ್ನು ಬಳಸುವ ಪ್ರೋಗ್ರಾಮನ್ನು ಹಾಕದೆ ಕಟ್ಟಿದ್ದಾರೆ. ಒಂದರ ಲೆಕ್ಕದಲ್ಲಿ ಸ್ಟ್ರಕ್ಟ್ 24 ಬೈಟ್, ಇನ್ನೊಂದರ ಲೆಕ್ಕದಲ್ಲಿ 32. ಲಿಂಕರ್‌ಗೆ ಇದು ಕಾಣುವುದಿಲ್ಲ, ನಗುತ್ತ ಜೋಡಿಸಿ ಕೊಡುತ್ತದೆ. ಓಡಿಸಿದಾಗ ಎತ್ತು ಏರಿಗೆ, ಕೋಣ ನೀರಿಗೆ. ಕ್ರ್ಯಾಶ್ ಆಗುವುದು ಮಾತ್ರ ಸಂಬಂಧವೇ ಇಲ್ಲದ ಮೂರನೆಯ ಜಾಗದಲ್ಲಿ.

ಎಲ್‌ಎಲ್‌ವಿಎಂ ಇದಕ್ಕೆ ಕಂಡುಕೊಂಡ ದಾರಿ ಚೆನ್ನಾಗಿದೆ. ಹೆಡರ್‌ನಲ್ಲಿ ಸ್ಟ್ರಕ್ಟಿನ ಆಕಾರ ಬದಲಿಸುವ ಪರೀಕ್ಷೆಗಳನ್ನು ಎನ್‌ಡೀಬಗ್‌ಗೆ ಕಟ್ಟದೆ, ಎಬಿಐ (ಕಂಪೈಲ್ ಆದ ತುಂಡುಗಳ ನಡುವಿನ ಒಪ್ಪಂದ) ಮುರಿಯುವ ಪರೀಕ್ಷೆಗಳು ಎಂಬ ಬೇರೆ ಮ್ಯಾಕ್ರೊಗೆ ಕಟ್ಟಿದರು. ಆ ಮ್ಯಾಕ್ರೊದ ಬೆಲೆಯನ್ನು ಲೈಬ್ರರಿ ಕಟ್ಟುವಾಗಲೇ ಕಾನ್ಫಿಗ್ ಹೆಡರಿನಲ್ಲಿ ಬರೆದಿಡುತ್ತಾರೆ. ಎರಡು ಕಡೆ ಹೊಂದದಿದ್ದರೆ ಲಿಂಕ್ ಮಾಡುವಾಗಲೇ ಒಂದು ಹೆಸರು ಸಿಗದೆ ಬಿಲ್ಡ್ ನಿಲ್ಲುವಂತೆಯೂ ಮಾಡಿದ್ದಾರೆ. ಮೈಕ್ರೋಸಾಫ್ಟ್ ಲಿಂಕರ್ ಇಟರೇಟರ್ ಡೀಬಗ್ ಲೆವೆಲ್ ಹೊಂದುತ್ತಿಲ್ಲ ಎಂದು ಎಲ್‌ಎನ್‌ಕೆ2038 ತೋರಿಸುವುದೂ ಇದೇ ಜಾತಿಯ ಕಾವಲು. ಜಿಎನ್‌ಯು ಸಿ++ ಲೈಬ್ರರಿಯಲ್ಲಿ ಎರಡು ಮ್ಯಾಕ್ರೊ ಇವೆ: ಡೀಬಗ್ ಮೋಡ್ ಮ್ಯಾಕ್ರೊ ವೆಕ್ಟರ್, ಮ್ಯಾಪ್‌ಗಳ ಆಕಾರವನ್ನೇ ಬದಲಿಸುತ್ತದೆ, ಹಾಗಾಗಿ ಎಲ್ಲವನ್ನೂ ಅದರಲ್ಲೇ ಮತ್ತೆ ಕಟ್ಟಬೇಕು, ಅಸರ್ಷನ್ಸ್ ಮ್ಯಾಕ್ರೊ ಆಕಾರ ಮುಟ್ಟದೆ ಹಗುರವಾದ ಪರೀಕ್ಷೆ ಮಾತ್ರ ಸೇರಿಸುತ್ತದೆ. ಫೆಡೊರಾ ತನ್ನ ಪ್ಯಾಕೇಜ್‌ಗಳನ್ನು ಕಟ್ಟುವುದೇ ಎರಡನೆಯದನ್ನು ಹಾಕಿಕೊಂಡು. ಮನೆಯಲ್ಲಿ ಬಗ್ ಹುಡುಕಲು ಮೊದಲನೆಯದು, ಹೊರಗೆ ಕಳಿಸಲು ಎರಡನೆಯದು.

ಎಲ್ಲಿ ಬರೆದಿಡುವುದು

ಮೇಕ್‌ಫೈಲಿನಲ್ಲಿ ಬರೆಯುವುದಾದರೆ -ಡಿ ಹೋಗಬೇಕಾದದ್ದು ಸಿಪಿಪಿಫ್ಲ್ಯಾಗ್ಸ್‌ಗೆ, -ಓ ಮತ್ತು -ಜಿ ಸಿಫ್ಲ್ಯಾಗ್ಸ್‌ಗೆ. ಕಮ್ಯಾಂಡಿನಲ್ಲಿ ಸಿಫ್ಲ್ಯಾಗ್ಸ್ ಕೊಟ್ಟವರು ನಿಮ್ಮ ಫೈಲಿನೊಳಗಿನದನ್ನು ಪೂರ್ತಿ ಅಳಿಸಿಬಿಡುತ್ತಾರೆ, ಹಾಗಾಗಿ ಪ್ರೋಗ್ರಾಂ ಕಟ್ಟಲು ಬೇಕೇಬೇಕಾದ ಫ್ಲ್ಯಾಗನ್ನು ಬೇರೆ ಹೆಸರಿನಲ್ಲಿ ಇಡಿ. ಇನ್ನೊಂದು, ಮೇಕ್ ನೋಡುವುದು ಫೈಲಿನ ಸಮಯ ಮಾತ್ರ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದಾಗಿನಿಂದ ಅದರ ಸ್ವಭಾವ ಅದೇ. ಫ್ಲ್ಯಾಗ್ ಬದಲಿಸಿ ಮತ್ತೆ ಮೇಕ್ ಹೊಡೆದರೆ ತಿದ್ದಿದ ಫೈಲು ಹೊಸ ಫ್ಲ್ಯಾಗಿನಲ್ಲಿ, ಉಳಿದವು ಹಳೆಯದರಲ್ಲಿ. ಮೇಲೆ ಹೇಳಿದ ಎತ್ತು ಕೋಣದ ಕಥೆ ನಿಮ್ಮದೇ ಫೋಲ್ಡರಿನೊಳಗೆ ನಡೆಯುತ್ತದೆ. ಫ್ಲ್ಯಾಗ್ ಬದಲಿಸಿದಾಗ ಕ್ಲೀನ್ ಮಾಡಿ. ಮೇಕ್‌ನ ಜಾಗದಲ್ಲಿ ಬಳಸುವ ನಿಂಜಾ, ಕಮ್ಯಾಂಡ್ ಬದಲಾದದ್ದನ್ನೂ ಗುರುತಿಸಿ ತಾನೇ ಮತ್ತೆ ಕಟ್ಟುತ್ತದೆ, ನಾನು ಮೇಕ್ ಬಿಡಲು ಅದೊಂದೇ ಕಾರಣ ಸಾಕಾಯಿತು.

ಸಿಮೇಕ್‌ನಲ್ಲಿ ಹಳೆಯ ಆಡ್-ಡೆಫಿನಿಷನ್ಸ್ ಆ ಫೋಲ್ಡರಿನಲ್ಲಿರುವ ಎಲ್ಲಕ್ಕೂ ಮ್ಯಾಕ್ರೊ ಎರಚುತ್ತದೆ. ಟಾರ್ಗೆಟ್-ಕಂಪೈಲ್-ಡೆಫಿನಿಷನ್ಸ್ ಒಂದು ಟಾರ್ಗೆಟ್‌ಗೆ ಮಾತ್ರ ಹಾಕುತ್ತದೆ. ಮ್ಯಾಕ್ರೊ ನಿಮ್ಮ ಸಿ ಫೈಲುಗಳಿಗೆ ಮಾತ್ರ ಬೇಕಿದ್ದರೆ ಪ್ರೈವೇಟ್. ಹೆಡರ್‌ನಲ್ಲೂ ಅದನ್ನು ನೋಡುತ್ತಿದ್ದರೆ ಪಬ್ಲಿಕ್, ಆಗ ಬಳಸುವವರಿಗೂ ಅದೇ ಬೆಲೆ ತಲುಪುತ್ತದೆ. ಡೀಬಗ್‌ನಲ್ಲಿ ಮಾತ್ರ ಬೇಕಾದ ಮ್ಯಾಕ್ರೊಗೆ ಬಿಲ್ಡ್ ಟೈಪ್ ಹೆಸರನ್ನು ಇಫ್ ಹಾಕಿ ನೋಡಬೇಡಿ, ಜನರೇಟರ್ ಎಕ್ಸ್‌ಪ್ರೆಶನ್ ಬಳಸಿ. ವಿಷುವಲ್ ಸ್ಟುಡಿಯೊ, ಎಕ್ಸ್‌ಕೋಡ್‌ಗಳಲ್ಲಿ ಬಿಲ್ಡ್ ಟೈಪ್ ನಿರ್ಧಾರವಾಗುವುದು ಕಾನ್ಫಿಗರ್ ಮುಗಿದ ಮೇಲೆ, ಕಟ್ಟುವಾಗ. ನಿಮ್ಮ ಇಫ್ ಅಷ್ಟರಲ್ಲಿ ಓಡಿ ಮುಗಿದಿರುತ್ತದೆ.

ಕಾನ್ಫಿಗ್ ಹೆಡರ್ ದಾರಿಯಲ್ಲಿ ಎಲ್ಲ ಮ್ಯಾಕ್ರೊ ಒಂದೇ ಕಡೆ ಓದಲು ಸಿಗುತ್ತವೆ, ಇನ್‌ಸ್ಟಾಲ್ ಮಾಡುವ ಲೈಬ್ರರಿಗೆ ಇದೇ ಸರಿ. ಆದರೆ ಒಂದು ಫೈಲಿನಲ್ಲಿ ಅದನ್ನು ಇನ್‌ಕ್ಲೂಡ್ ಮಾಡಲು ಮರೆತರೆ ಆ ಫೈಲಿಗೆ ಮ್ಯಾಕ್ರೊ ಇಲ್ಲವೇ ಇಲ್ಲ. ಕರ್ನಲ್ ಬಿಲ್ಡ್ -ಇನ್‌ಕ್ಲೂಡ್ ಫ್ಲ್ಯಾಗಿನಿಂದ ತನ್ನ ಕೆಕಾನ್ಫಿಗ್ ಹೆಡರನ್ನು ಪ್ರತಿ ಫೈಲಿಗೂ ಬಲವಂತವಾಗಿ ನುಗ್ಗಿಸುವುದು ಅದಕ್ಕೇ.

-ಓ, -ಜಿ, ಓಡುವಾಗ ಮೆಮೊರಿ ಮುಂತಾದ ತಪ್ಪು ಹಿಡಿಯುವ ಸ್ಯಾನಿಟೈಸರ್ ಇವು ಸೋರ್ಸಿನ ಗುಣವಲ್ಲ, ಕಟ್ಟುವವರ ಇಷ್ಟ. ಸಿಮೇಕ್‌ಲಿಸ್ಟ್ಸ್ ಫೈಲಿನೊಳಗೆ ಬಿಗಿದಿಡದೆ ಸಿಮೇಕ್ 3.19ರಿಂದ ಬಂದಿರುವ ಪ್ರಿಸೆಟ್ ಫೈಲಿನಲ್ಲಿ ಇಡಿ. ನನಗೆ ಬೇಕಾದ ಆ 'ಇಲ್ಲದ ಸಾಲು' ಇರುವುದೂ ಅಲ್ಲೇ: ರೆಲ್‌ವಿತ್‌ಡೆಬ್‌ಇನ್ಫೊ ಹೆಸರಿಗೆ ಸೇರಿದ ಫ್ಲ್ಯಾಗನ್ನು ಎನ್‌ಡೀಬಗ್ ತೆಗೆದು ಬರೀ -ಓ2 -ಜಿ ಎಂದು ಬರೆದ ಪ್ರಿಸೆಟ್. ಎಚ್ಚರಿಕೆಗಳನ್ನೆಲ್ಲ ದೋಷ ಮಾಡುವ -ಡಬ್ಲ್ಯೂಎರರ್ ಕೂಡ ಸಿಐ (ಸರ್ವರಿನಲ್ಲಿ ತಾನಾಗಿ ಓಡುವ ಬಿಲ್ಡ್) ಪ್ರಿಸೆಟ್‌ನಲ್ಲಿ ಮಾತ್ರ ಇರಲಿ. ಅದನ್ನು ಸೋರ್ಸಿನಲ್ಲೇ ಬಿಗಿದರೆ, ಹೊಸ ಜಿಸಿಸಿ ಹೊಸ ಎಚ್ಚರಿಕೆ ತಂದ ದಿನ ನಿಮ್ಮ ಕೋಡ್ ಕಟ್ಟಲಾಗದವರು ಶಪಿಸುವುದು ನಿಮ್ಮನ್ನೇ.

ಮ್ಯಾಕ್ರೊ ಬೇಕೇ ಬೇಡವೇ

ಮ್ಯಾಲಕ್, ಫ್ರೀ ಸುತ್ತ ಸ್ವಂತ ಮ್ಯಾಕ್ರೊ ಕಟ್ಟಿ ಲೀಕ್ ಎಣಿಸುವ ಕೋಡು ಇನ್ನೂ ಅಲ್ಲಲ್ಲಿ ಕಾಣುತ್ತದೆ. ಕಿತ್ತು ಹಾಕಿ. ಅಡ್ರೆಸ್ ಸ್ಯಾನಿಟೈಸರ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಸಾಮಾನ್ಯವಾಗಿ ಎರಡು ಪಟ್ಟು ನಿಧಾನ, ಅಷ್ಟೇ. ಮೆಮೊರಿ ತಪ್ಪು ಹುಡುಕುವ ಇನ್ನೊಂದು ಟೂಲ್ ವಾಲ್‌ಗ್ರೈಂಡ್ ಮೆಮ್‌ಚೆಕ್ 10ರಿಂದ 30 ಪಟ್ಟು ನಿಧಾನ, ಆದರೆ ಮತ್ತೆ ಕಂಪೈಲ್ ಮಾಡದೆ ಇದ್ದ ಬೈನರಿಯ ಮೇಲೇ ಓಡುತ್ತದೆ, ಬೆಲೆ ಕೊಡದ ಮೆಮೊರಿ ಓದುವುದನ್ನೂ ಹಿಡಿಯುತ್ತದೆ. ಸ್ಯಾನಿಟೈಸರ್ ಫ್ಲ್ಯಾಗನ್ನು ಕಂಪೈಲಿಗೂ ಲಿಂಕಿಗೂ ಎರಡಕ್ಕೂ ಕೊಡಬೇಕು, ಜೊತೆಗೆ -ಜಿ ಇರಲಿ, ವೇಗ ಬೇಕಿದ್ದರೆ -ಓ1 ಕೂಡ. ಅಡ್ರೆಸ್ ಮತ್ತು ಥ್ರೆಡ್ ಸ್ಯಾನಿಟೈಸರ್ ಒಟ್ಟಿಗೆ ಬಾಳುವುದಿಲ್ಲ, ಬೇರೆ ಬೇರೆ ಬಿಲ್ಡ್ ಬೇಕು.

ಯಾರಿಗೆ ಯಾವುದು

ಕಾಲೇಜಿನ ಲ್ಯಾಬಿನಲ್ಲಿ ಸಿ ಕಲಿಯುತ್ತಿದ್ದರೆ -ಓ0 -ಜಿ, ಜೊತೆಗೆ -ಡಬ್ಲ್ಯೂಆಲ್ ಮತ್ತು ಅಡ್ರೆಸ್ ಸ್ಯಾನಿಟೈಸರ್. ಅರೇ ಮೀರಿ ಬರೆದ ಸಾಲನ್ನು ಅದು ಬೆರಳಿಟ್ಟು ತೋರಿಸುತ್ತದೆ, ಮೇಷ್ಟರನ್ನು ಕಾಯಬೇಕಿಲ್ಲ. ಸರ್ವರ್ ಬರೆಯುವವರು ದಿನವೂ ಅಸರ್ಟ್ ಇರುವ -ಓ2 -ಜಿ ಬಳಸಲಿ, ಗ್ರಾಹಕರಿಗೂ ಅದನ್ನೇ ಕಳಿಸಲಿ, ಅಳೆದು ನೋಡಿ ಭಾರವೆನಿಸಿದರೆ ಮಾತ್ರ ಎನ್‌ಡೀಬಗ್. ಬೇರೆಯವರು ಬಳಸುವ ಲೈಬ್ರರಿಯಾದರೆ ಹೆಡರಿನಲ್ಲಿ ಎನ್‌ಡೀಬಗ್ ಹೆಸರೇ ಇರಬಾರದು. ಬೋರ್ಡಿನ ಕೆಲಸದವರು ಮೊದಲ ದಿನದಿಂದ -ಓಎಸ್‌ನಲ್ಲೇ ಇರಿ. -ಓ0ದಲ್ಲಿ ಸ್ಟ್ಯಾಕ್ ಬಳಕೆಯೂ ಸಮಯವೂ ಬೇರೆ, ಅಲ್ಲಿ ನಡೆದದ್ದು ಇಲ್ಲಿ ನಡೆಯುತ್ತದೆಂಬ ಭರವಸೆ ಇಲ್ಲ. ಒಂದು ಫೈಲನ್ನು ಹೆಜ್ಜೆ ಹೆಜ್ಜೆಗೆ ನೋಡಬೇಕಾದರೆ ಅದೊಂದಕ್ಕೆ ಮಾತ್ರ -ಓಜಿ ಹಾಕಿ.

ಏನು ಆರಿಸಿದರೂ ಕೈಗೆ ಬಂದ ಬೈನರಿಯನ್ನು ಒಮ್ಮೆ ಕೇಳಿ ನೋಡಿ. -ಜಿ ಹಾಕಿ ಕಟ್ಟಿದ್ದರೆ ಜಿಸಿಸಿ ತನಗೆ ಕೊಟ್ಟ ಫ್ಲ್ಯಾಗ್‌ಗಳನ್ನು ಡೀಬಗ್ ಮಾಹಿತಿಯ 'ಪ್ರೊಡ್ಯೂಸರ್' ಸಾಲಿನಲ್ಲಿ ಬರೆದಿಟ್ಟಿರುತ್ತದೆ, ರೀಡ್‌ಎಲ್ಫ್ ತೋರಿಸುತ್ತದೆ. ಅಸರ್ಟ್ ಉಳಿದಿದೆಯೇ ಎಂದು ತಿಳಿಯಲು ನಿಮ್ಮ ಆಬ್ಜೆಕ್ಟ್ ಫೈಲಿನ ಮೇಲೆ, ಒಳಗಿನ ಹೆಸರುಗಳ ಪಟ್ಟಿ ಕೊಡುವ ಎನ್‌ಎಂ ಓಡಿಸಿ. ಗ್ಲಿಬ್‌ಸಿ ಇರುವ ಲಿನಕ್ಸಿನಲ್ಲಿ ಅಸರ್ಟ್-ಫೇಲ್ ಎಂಬ ಹೆಸರು ಕಂಡರೆ ಇದೆ, ಕಾಣದಿದ್ದರೆ ಯಾರೋ ಎಲ್ಲೋ ಎನ್‌ಡೀಬಗ್ ಹಾಕಿದ್ದಾರೆ. ಆ ಎರಡು ವಾರದ ಹ್ಯಾಶ್ ಟೇಬಲ್ ಇನ್ನೂ ಆ ರೆಪೊಸಿಟರಿಯಲ್ಲೇ ಇದೆಯಂತೆ, ಯಾರಿಗೂ ತೆಗೆಯುವ ಧೈರ್ಯವಿಲ್ಲ.